ಗಾಯಗೊಂಡ ಯೋಧರೊಡನೆ ಸೈಕಲ್ ಸವಾರಿ

ಸೈಕಲ್ಲು ತುಳಿಯುವವನು ಒಬ್ಬ, ಅದಕ್ಕೆ ಹಣ ಕೊಡುವವನು ಇನ್ನೊಬ್ಬ, ಆ ಹಣ ಸೇರುವುದು ಮೂರನೆಯವನಿಗೆ. ಈ ಲೆಕ್ಕ ಮೊದಲ ಸಲ ಕೇಳಿದಾಗ ನನ್ನ ತಲೆಗೆ ಹತ್ತಲಿಲ್ಲ. ನಿಮ್ಮಲ್ಲಿಯೂ ಕೆಲವರಿಗೆ ಹೀಗೆಯೇ ಆಗಿರಬಹುದು. ಮಕ್ಕಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿರುವ ಮನೆಗಳಿಗೆ ಇಂಥ ಸುದ್ದಿ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನನ್ನ ಮಗಳು ಫೋನು ಮಾಡಿ ಹೇಳಿದ್ದು ಇಷ್ಟು: "ಅಪ್ಪಾ, ಯುದ್ಧದಲ್ಲಿ ಗಾಯಗೊಂಡು ಬಂದವರ ಸಹಾಯಕ್ಕೆಂದು ನಮ್ಮೂರಿನವರೆಲ್ಲ ಸೇರಿ ಮೂವತ್ತು ಮೈಲಿ ಸೈಕಲ್ ಹೊಡೆಯುತ್ತೇವೆ. ನಾನೂ ಹೆಸರು ಕೊಟ್ಟಿದ್ದೇನೆ. ನಿಮ್ಮ ಲೆಕ್ಕದಲ್ಲಿ ಎಷ್ಟು ಬರೆದುಕೊಳ್ಳಲಿ?"

"ಅಲ್ಲಮ್ಮಾ, ಸಹಾಯ ಮಾಡಬೇಕೆಂದರೆ ಹಣವನ್ನೇ ನೇರವಾಗಿ ಕಳಿಸಿದರಾಯಿತು. ನಡುವೆ ಈ ಸೈಕಲ್ಲಿಗೇನು ಕೆಲಸ?" ಎಂದೆ.

"ಹೇಗೂ ಬರುವ ತಿಂಗಳು ನೀವೂ ಅಮ್ಮನೂ ಇಲ್ಲಿಗೆ ಬರುತ್ತೀರಲ್ಲ, ಬಂದು ನೋಡಿ" ಎಂದಳು. ನೋಡಲು ಹೋದವನು ತುಳಿಯಲೂ ತುಳಿದೆ. ಆ ಕಥೆಯನ್ನು ಆಮೇಲೆ ಹೇಳುತ್ತೇನೆ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲವೆಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಯೋಚಿಸಿ ನೋಡಿದರೆ ಈ ಪದ್ಧತಿ ನಮಗೆ ತೀರ ಹೊಸದೂ ಅಲ್ಲ. ಶಿವರಾತ್ರಿಯ ಹಿಂದಿನ ದಿನಗಳಲ್ಲಿ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಕಾಲುನಡಿಗೆಯಲ್ಲಿ ಹೋಗುವವರನ್ನು ನೀವು ಕಂಡಿರುತ್ತೀರಿ. ದಾರಿಯ ಊರಿನವರು ಮಜ್ಜಿಗೆ, ಪಾನಕ, ಕಲ್ಲಂಗಡಿ ಹೋಳು ಇಟ್ಟುಕೊಂಡು ಕಾದಿರುತ್ತಾರೆ. ನಡೆಯುವವನು ಒಬ್ಬ, ನೀಡುವವನು ಒಬ್ಬ. ನಡೆಯುವವನ ಅಂಗಾಲಿನ ಬೊಬ್ಬೆಯನ್ನು ಕಂಡಾಗ ನೀಡುವವನ ಕೈ ತಾನಾಗಿ ಬಿಚ್ಚುತ್ತದೆ. ಅಲ್ಲಿಯೂ ಅಷ್ಟೆ. ಸವಾರನು ತನ್ನ ನೆಂಟರ, ಗೆಳೆಯರ, ಕಚೇರಿಯ ಜೊತೆಗಾರರ ಬಳಿ ಮುಂಚಿತವಾಗಿ ಮಾತು ತೆಗೆದುಕೊಳ್ಳುತ್ತಾನೆ: ನಾನು ಇಷ್ಟು ದೂರ ತುಳಿದರೆ ನೀವು ಇಷ್ಟು ಕೊಡಬೇಕು. ಹಿಂದೆ ಇದಕ್ಕೆ ಕಾಗದದ ಪಟ್ಟಿಯೊಂದನ್ನು ಹಿಡಿದು ಮೇಜಿನಿಂದ ಮೇಜಿಗೆ ಹೋಗಿ, ಮೈಲಿಗೆ ಇಷ್ಟು ಎಂದು ಬರೆಸಿಕೊಳ್ಳುತ್ತಿದ್ದರು. ಈಗ ಅದೆಲ್ಲ ಮೊಬೈಲಿನಲ್ಲೇ ನಡೆದುಹೋಗುತ್ತದೆ. ಎಷ್ಟೋ ಸವಾರಿಗಳಲ್ಲಿ ಸೇರುವವನೇ ಒಂದು ಶುಲ್ಕ ಕಟ್ಟಿ, ಇಂತಿಷ್ಟು ಹಣ ಕೂಡಿಸಿಕೊಡುತ್ತೇನೆಂದು ಒಪ್ಪಿಕೊಳ್ಳಬೇಕಾಗುತ್ತದೆ.

ಅಮೆರಿಕದಲ್ಲಿ ಈ ಬಗೆಯ ಸವಾರಿಗಳ ಪೈಕಿ ಹೆಸರಾದದ್ದು 'ಸೋಲ್ಜರ್ ರೈಡ್'. ಅದು ಹುಟ್ಟಿದ್ದು ಯಾವ ಸೇನಾ ಕಚೇರಿಯಲ್ಲೂ ಅಲ್ಲ, ಒಂದು ಪಾನಗೃಹದಲ್ಲಿ. ನ್ಯೂಯಾರ್ಕಿಗೆ ಸೇರಿದ ಲಾಂಗ್ ಐಲೆಂಡಿನಲ್ಲಿ ಅಮಗ್ಯಾನ್ಸೆಟ್ ಎಂದು ಒಂದು ಊರು. ಅಲ್ಲಿ ಪಾನಗೃಹವೊಂದರಲ್ಲಿ ಕೆಲಸಕ್ಕಿದ್ದ ಕ್ರಿಸ್ ಕಾರ್ನಿ ಎಂಬಾತ ೨೦೦೪ರಲ್ಲಿ, ಇರಾಕಿನಿಂದಲೂ ಅಫ್ಘಾನಿಸ್ತಾನದಿಂದಲೂ ಗಾಯಗೊಂಡು ಮರಳುತ್ತಿದ್ದವರಿಗಾಗಿ ಹಣ ಕೂಡಿಸಲು, ದೇಶದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ಸೈಕಲ್ ತುಳಿದ. ನಾಲ್ಕು ಸಾವಿರ ಮೈಲಿಗೂ ಮಿಕ್ಕಿದ ದಾರಿ. ಹಣ ಹೋದದ್ದು 'ವೂಂಡೆಡ್ ವಾರಿಯರ್ ಪ್ರಾಜೆಕ್ಟ್' ಎಂಬ ಸಂಸ್ಥೆಗೆ. ಆಗ ಅದಕ್ಕೆ ಒಂದು ವರ್ಷದ ಪ್ರಾಯ. ಆಸ್ಪತ್ರೆಯಲ್ಲಿ ಮಲಗಿದ್ದವರ ಹಾಸಿಗೆಯ ಪಕ್ಕಕ್ಕೆ ಬಟ್ಟೆಬರೆ, ನಿತ್ಯದ ಸಣ್ಣಪುಟ್ಟ ಸಾಮಾನು ತುಂಬಿದ ಬೆನ್ನುಚೀಲವೊಂದನ್ನು ತಲುಪಿಸುವುದರಿಂದ ಅದು ತನ್ನ ಕೆಲಸ ಮೊದಲು ಮಾಡಿತ್ತು.

ಇಲ್ಲಿಯವರೆಗೆ ಇದು ಎಲ್ಲ ಕಡೆ ನಡೆಯುವ ಕಥೆ. ಮರುವರ್ಷ, ೨೦೦೫ರಲ್ಲಿ, ಗಾಯಗೊಂಡವರೇ ಅವನ ಜೊತೆ ಹೊರಟರು. ಅವರಲ್ಲಿ ಹೀತ್ ಕಾಲ್ಹೂನ್ ಎಂಬಾತ ಒಬ್ಬ. ೨೦೦೩ರಲ್ಲಿ ಇರಾಕಿನಲ್ಲಿ ರಾಕೆಟ್ ಗ್ರೆನೇಡಿನ ಹೊಡೆತಕ್ಕೆ ಸಿಕ್ಕಿ ಎರಡು ಕಾಲನ್ನೂ ಮೊಣಕಾಲಿನಿಂದ ಮೇಲಕ್ಕೆ ಕಳೆದುಕೊಂಡವ. ಕೈಯಿಂದ ತುಳಿಯುವ, ಅಲ್ಲ, ತುಳಿಯುವ ಎನ್ನಬಾರದು, ಕೈಯಿಂದ ತಿರುಗಿಸುವ ಸೈಕಲ್ಲಿನಲ್ಲಿ ಅವನು ಅಷ್ಟು ದೊಡ್ಡ ದೇಶವನ್ನು ದಾಟಿದ. ಅನಂತರ ಹಿಮದ ಮೇಲೆ ಕುಳಿತು ಜಾರುವ ಸ್ಕೀ ಆಟದಲ್ಲಿ ಪಳಗಿ, ೨೦೧೦ರ ವ್ಯಾಂಕೂವರ್ ಪ್ಯಾರಾಲಿಂಪಿಕ್ಸಿನಲ್ಲಿ ತನ್ನ ದೇಶದ ತಂಡದ ಮುಂದೆ ಬಾವುಟ ಹಿಡಿದು ಸಾಗಿದ. ೨೦೧೪ರಲ್ಲಿ ಸೋಚಿಯಲ್ಲಿ ಬೆಳ್ಳಿಯ ಪದಕ ಗೆದ್ದ.

ಶಾಲೆಯಲ್ಲಿ ವಿಭಕ್ತಿಪ್ರತ್ಯಯ ಬಾಯಿಪಾಠ ಮಾಡಿದವರಿಗಾಗಿ ಒಂದು ಮಾತು. ಮೊದಲನೆಯ ವರ್ಷದ ಸವಾರಿ 'ಅವರಿಗೆ' ನಡೆದದ್ದು. ಚತುರ್ಥೀ ವಿಭಕ್ತಿ, ದಾನ ಕೊಡುವಾಗ ಬಳಸುವುದು. ಎರಡನೆಯ ವರ್ಷದ್ದು 'ಅವರೊಡನೆ' ನಡೆದದ್ದು. ಸಂಸ್ಕೃತದ ಮೇಷ್ಟ್ರನ್ನು ಕೇಳಿದರೆ ಜೊತೆಯ ಅರ್ಥಕ್ಕೆ ತೃತೀಯೆ ಎನ್ನುತ್ತಾರೆ. ಚತುರ್ಥಿಯಿಂದ ತೃತೀಯೆಗೆ ಬಂದದ್ದು ಲೆಕ್ಕದಲ್ಲಿ ಹಿಂದೆ ಸರಿದಂತೆ ಕಂಡರೂ ಈ ಸವಾರಿಗಳ ಜೀವ ಇರುವುದು ಅಲ್ಲಿಯೇ. ನಡುವೆ ಸೈಕಲ್ಲಿಗೇನು ಕೆಲಸ ಎಂದು ನಾನು ಮಗಳನ್ನು ಕೇಳಿದ್ದೆನಲ್ಲ, ಅದಕ್ಕೂ ಉತ್ತರ ಅಲ್ಲಿಯೇ ಇತ್ತು. ಹಣವನ್ನು ಬ್ಯಾಂಕಿನ ಮೂಲಕ ಕಳಿಸಬಹುದು. ಜೊತೆಯನ್ನು ಹಾಗೆ ಕಳಿಸಲು ಬರುವುದಿಲ್ಲ.

ಗಾಯಗೊಂಡವನನ್ನು ಆಟಕ್ಕೆ ಎಳೆಯುವುದು ಹೊತ್ತು ಕಳೆಯುವುದಕ್ಕೆಂದು ತಿಳಿಯಬೇಡಿ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರು ಒಂದು ಕಾಲದಲ್ಲಿ ಹೆಚ್ಚು ದಿನ ಬದುಕುತ್ತಿರಲಿಲ್ಲ. ಮಲಗಿದಲ್ಲೇ ಮಲಗಿ ಮೈಯಲ್ಲಿ ಹುಣ್ಣಾಗಿ, ಮೂತ್ರಕೋಶಕ್ಕೆ ನಂಜು ಏರಿ ತೀರಿಕೊಳ್ಳುತ್ತಿದ್ದರು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ೧೯೪೪ರಲ್ಲಿ ಇಂಥವರ ವಿಭಾಗವೊಂದನ್ನು ತೆರೆದ ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಅವರು ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿದರು, ಕೈಗೆ ಚೆಂಡು ಕೊಟ್ಟರು, ಬಿಲ್ಲು ಬಾಣ ಕೊಟ್ಟರು. ೧೯೪೮ರ ಜುಲೈ ೨೯ರಂದು, ಲಂಡನ್ನಿನಲ್ಲಿ ಒಲಿಂಪಿಕ್ಸ್ ಆರಂಭವಾದ ದಿನವೇ, ಆ ಆಸ್ಪತ್ರೆಯ ಅಂಗಳದಲ್ಲಿ ಹದಿನಾರು ಮಂದಿ ಗಾಲಿಕುರ್ಚಿಯ ಮೇಲೆ ಕುಳಿತು ಬಿಲ್ಲುಸ್ಪರ್ಧೆ ನಡೆಸಿದರು. ಹದಿನಾಲ್ಕು ಗಂಡಸರು, ಇಬ್ಬರು ಹೆಂಗಸರು. ಇಂದಿನ ಪ್ಯಾರಾಲಿಂಪಿಕ್ಸಿನ ಬೇರು ಅದು.

ನಮ್ಮವರೇ ಒಬ್ಬರನ್ನು ನೆನೆಯಬಹುದು. ನಮ್ಮ ಬೆಳಗಾವಿಗೆ ದೂರವಲ್ಲದ ಸಾಂಗ್ಲಿ ಸೀಮೆಯ ಮುರಳೀಕಾಂತ ಪೇಟ್ಕರ್ ಸೈನ್ಯದಲ್ಲಿ ಬಾಕ್ಸಿಂಗ್ ಪಟುವಾಗಿದ್ದವರು. ೧೯೬೫ರ ಯುದ್ಧದಲ್ಲಿ ಗುಂಡುಗಳು ತಾಗಿ ಕಾಲುಗಳ ಶಕ್ತಿ ಹೋಯಿತು. ಅವರು ನೀರಿಗಿಳಿದರು. ೧೯೭೨ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಕ್ರೀಡೆಗಳಲ್ಲಿ ಐವತ್ತು ಮೀಟರ್ ಈಜಿನಲ್ಲಿ ಚಿನ್ನ ಗೆದ್ದರು. ಪದ್ಮಶ್ರೀ ಬಂದದ್ದು ೨೦೧೮ರಲ್ಲಿ, ಎಂದರೆ ನಲವತ್ತಾರು ವರ್ಷಗಳ ಮೇಲೆ. ನೆನಪಿಟ್ಟುಕೊಳ್ಳುವುದರಲ್ಲಿ ನಾವು ಸ್ವಲ್ಪ ನಿಧಾನ.

ಇರಲಿ, ಸೈಕಲ್ಲಿನ ವಿಷಯಕ್ಕೆ ಬರೋಣ. ಕಾಲಿಲ್ಲದವನು, ಕಣ್ಣಿಲ್ಲದವನು ಸೈಕಲ್ ನಡೆಸುವುದು ಹೇಗೆ ಎಂದು ನೀವು ಕೇಳಬಹುದು. ನಮ್ಮ ಊರುಗಳಲ್ಲಿ ಕೈಯಿಂದ ತಿರುಗಿಸಿಕೊಂಡು ಹೋಗುವ ಮೂರು ಗಾಲಿಯ ಗಾಡಿಯನ್ನು ಎಲ್ಲರೂ ಕಂಡಿದ್ದೇವೆ. ಅಲ್ಲಿಯದೂ ಅದೇ ಜಾತಿ. ಆದರೆ ಸವಾರ ನೆಲದಿಂದ ಗೇಣುದ್ದ ಮೇಲೆ, ಆರಾಮಕುರ್ಚಿಯಲ್ಲಿ ಒರಗಿದಂತೆ, ಕಾಲಿದ್ದರೆ ಮುಂದಕ್ಕೆ ಚಾಚಿಕೊಂಡು ಕೂರುತ್ತಾನೆ. ಎದೆಯ ಮುಂದೆ ಎರಡು ಹಿಡಿ. ನಮ್ಮ ಪೆಡಲುಗಳಂತೆ ಒಂದು ಮೇಲೆ ಒಂದು ಕೆಳಗೆ ಅಲ್ಲ, ಎರಡೂ ಒಟ್ಟಿಗೆ ತಿರುಗುತ್ತವೆ. ಚೈನು, ಗೇರು ಎಲ್ಲ ಇವೆ. ಮುಂದಿನ ಚಕ್ರವನ್ನು ಓಡಿಸುವುದೂ ಅದೇ ಹಿಡಿ, ತಿರುಗಿಸುವುದೂ ಅದೇ ಹಿಡಿ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಗಾಡಿ ತೀರ ತಗ್ಗಾದ್ದರಿಂದ ಮೋಟಾರಿನವರ ಕಣ್ಣಿಗೆ ಬೀಳಲೆಂದು ಹಿಂದೆ ಉದ್ದನೆಯ ಕಡ್ಡಿಗೆ ಒಂದು ಬಾವುಟ ಕಟ್ಟಿರುತ್ತದೆ.

ಕಣ್ಣು ಹೋದವರಿಗೆ ಇಬ್ಬರು ತುಳಿಯುವ ಸೈಕಲ್ಲು. ಮುಂದೆ ಕಣ್ಣಿದ್ದವನು ಕುಳಿತು ದಾರಿ ನೋಡುತ್ತಾನೆ, ಹಿಂದಿನವನು ಬಲ ಕೊಡುತ್ತಾನೆ. ಮುಂದಿನವನು ಸುಮ್ಮನಿರುವಂತಿಲ್ಲ, ತಿರುವು ಬಂತು, ಹಳ್ಳ ಬಂತು, ಗೇರು ಬದಲಿಸುತ್ತೇನೆ, ತುಳಿಯುವುದನ್ನು ನಿಲ್ಲಿಸೋಣ ಎಂದು ಹೇಳುತ್ತಲೇ ಇರಬೇಕು. ಒಂದು ಕೈ ಇಲ್ಲದವನಿಗೆ ಎರಡು ಬ್ರೇಕನ್ನೂ ಒಂದೇ ಕಡೆಗೆ ತಂದುಕೊಡುತ್ತಾರೆ. ಮರದ ಕಾಲೆಂದು ನಾವು ಹಳೆಯ ರೂಢಿಯಲ್ಲಿ ಕರೆಯುವ ಕೃತಕ ಕಾಲಿನವನು ಅದರ ಪಾದವನ್ನು ಪೆಡಲಿಗೆ ಕಚ್ಚಿಸಿಕೊಂಡು ತುಳಿಯುತ್ತಾನೆ. ಒಂದೇ ಕಾಲಿನಲ್ಲಿ ತುಳಿಯುವವರೂ ಇದ್ದಾರೆ. ಕೆಳಗೆ ಒತ್ತುವುದಷ್ಟೇ ಅವರಿಗೆ ಸಾಲದು. ಮೇಲಕ್ಕೆ ಬರುವಾಗ ಅದೇ ಕಾಲಿನಿಂದ ಎಳೆಯಬೇಕು, ಇಲ್ಲವಾದರೆ ಪೆಡಲು ನೆತ್ತಿಯಲ್ಲಿ ನಿಂತುಬಿಡುತ್ತದೆ. ನೀವು ಇಂದು ಸಂಜೆ ನಿಮ್ಮ ಸೈಕಲ್ಲಿನಲ್ಲಿ, ಬಯಲಿನಲ್ಲಿ, ಹತ್ತು ಮಾರು ದೂರ ಇದನ್ನು ಪ್ರಯತ್ನಿಸಿ ನೋಡಬಹುದು. ಹತ್ತಿರದಲ್ಲಿ ಯಾರಾದರೂ ಇದ್ದರೆ ಒಳ್ಳೆಯದು.

ಇನ್ನು ಸೇರುವವರ ಸಿದ್ಧತೆ. ನಾನು ಸೈಕಲ್ ಮುಟ್ಟಿ ಹದಿನೈದು ವರ್ಷಗಳೇ ಆಗಿದ್ದವು. "ಈ ವಯಸ್ಸಿನಲ್ಲಿ ಇದೆಲ್ಲ ಬೇಕೆ? ಬಿದ್ದು ಕಾಲು ಮುರಿದುಕೊಂಡರೆ ನಿಮಗಾಗಿ ಇನ್ನೊಂದು ಸವಾರಿ ನಡೆಸಬೇಕಾದೀತು" ಎಂದಳು ನನ್ನ ಹೆಂಡತಿ. ಪಕ್ಕದ ಮನೆಯವರು ಒಂದು ಸೈಕಲ್ ಎರವಲು ಕೊಟ್ಟರು. ಮೊದಲ ದಿನ ಮೂರು ಮೈಲಿ, ವಾರ ಕಳೆದ ಮೇಲೆ ಎಂಟು, ಅನಂತರ ಹನ್ನೆರಡು, ಹೀಗೆ ಏರಿಸುತ್ತ ಹೋದೆ. ಸೀಟನ್ನು ತಗ್ಗಿಸಿಕೊಂಡರೆ ಧೈರ್ಯ ಹೆಚ್ಚು, ಮೊಣಕಾಲಿಗೆ ನೋವೂ ಹೆಚ್ಚು. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟಾಗ, ಪೆಡಲು ಕೆಳಗಿರುವಲ್ಲಿ ಕಾಲು ನೆಟ್ಟಗಾಗುವಷ್ಟು ಎತ್ತರ ಬೇಕು. ಹೆಲ್ಮೆಟ್ಟಿಲ್ಲದೆ ಯಾರನ್ನೂ ಸಾಲಿಗೆ ಸೇರಿಸುವುದಿಲ್ಲ. ನೀರನ್ನು ಬಾಯಾರುವ ಮೊದಲೇ ಕುಡಿಯಬೇಕು. ಇಷ್ಟು ಸಾಕು, ಉಳಿದದ್ದನ್ನು ಸೀಟೇ ಕಲಿಸುತ್ತದೆ.

ಗುಂಪಿನಲ್ಲಿ ತುಳಿಯುವುದು ಮಾತ್ರ ಬೇರೆಯೇ ವಿದ್ಯೆ. ಅಲ್ಲಿ ರಸ್ತೆಯ ಬಲಗಡೆ ಹೋಗಬೇಕು. ನಮ್ಮ ಎಡಗಡೆಯ ಅಭ್ಯಾಸ ಕ್ಷಣಕ್ಷಣಕ್ಕೂ ಕೈ ಎಳೆಯುತ್ತದೆ. ಇಬ್ಬಿಬ್ಬರ ಸಾಲು. ಮುಂದಿನವನ ಹಿಂದೆ ಹತ್ತಿರವಾಗಿ ಹೋದರೆ ಗಾಳಿಯ ಹೊಡೆತ ಅವನಿಗೆ, ನಮಗೆ ಕಾಲು ಭಾಗದಷ್ಟೋ ಅದಕ್ಕಿಂತ ಹೆಚ್ಚೋ ಶ್ರಮ ಉಳಿತಾಯ. ಆದ್ದರಿಂದ ಮುಂದಿರುವವರು ಸರದಿಯ ಮೇಲೆ ಬದಲಾಗುತ್ತಾರೆ. ಮುಂದಿನವನ ಹಿಂಗಾಲಿಯ ಪಕ್ಕಕ್ಕೆ ನಮ್ಮ ಮುಂಗಾಲಿ ಬರಬಾರದು. ಅವನು ಸ್ವಲ್ಪ ಓರೆಯಾದರೂ ಬೀಳುವವರು ನಾವು. ತಟ್ಟನೆ ಬ್ರೇಕು ಹಿಡಿಯಕೂಡದು. ಗುಂಡಿ ಕಂಡವನು ಕೈಯಿಂದ ತೋರಿಸಿ ಕೂಗುತ್ತಾನೆ, ಆ ಕೂಗು ಬಾಯಿಂದ ಬಾಯಿಗೆ ಕೊನೆಯವರೆಗೂ ಹೋಗುತ್ತದೆ. ಬೆನ್ನು ತೋರಿಸಿ ಸಾಗುವವನು ಹಿಂದಿನವನ ಕಣ್ಣೂ ಆಗಿರುತ್ತಾನೆ. ಸೈನ್ಯದಲ್ಲಿದ್ದವರಿಗೆ ಇದು ಬೇಗ ಒಗ್ಗುವುದು ಆಶ್ಚರ್ಯವಲ್ಲ. ಅವರಿಗೆ ಕೈಕಾಲು ಹೋದುದರಷ್ಟೇ ನೋವು ದಳದವರ ಜೊತೆ ತಪ್ಪಿದ್ದೂ ಎಂದು ಅಲ್ಲಿಯ ಒಬ್ಬ ಸ್ವಯಂಸೇವಕ ನನಗೆ ಹೇಳಿದ.

ನಾನು ಸೇರಿದ್ದು ಸೋಲ್ಜರ್ ರೈಡಿನಂಥ ದೊಡ್ಡದಕ್ಕಲ್ಲ, ಊರಿನವರು ನಡೆಸುವ ಸಣ್ಣ ಸವಾರಿಗೆ. ಎಂಬತ್ತು ತೊಂಬತ್ತು ಜನ. ಅವರಲ್ಲಿ ಹತ್ತು ಹನ್ನೆರಡು ಮಂದಿ ಯುದ್ಧದಿಂದ ಗಾಯಗೊಂಡು ಬಂದವರು. ಏಳನೆಯ ಮೈಲಿಯ ಹತ್ತಿರ ಒಂದು ದಿಬ್ಬ ಸಿಕ್ಕಿತು. ನನ್ನ ಮುಂದೆ ಕೈಸೈಕಲ್ಲಿನಲ್ಲಿ ಒಬ್ಬಾತ ಏರುತ್ತಿದ್ದ. ನಲವತ್ತರ ಆಸುಪಾಸು. ಕಾಲಿನ ದೊಡ್ಡ ಸ್ನಾಯುಗಳು ಮಾಡುವ ಕೆಲಸವನ್ನು ತೋಳಿನ ಸಣ್ಣ ಸ್ನಾಯುಗಳು ಮಾಡಬೇಕು; ಏರಿನಲ್ಲಿ ಕೈಸೈಕಲ್ಲು ನಡೆದು ಹೋಗುವವನಿಗಿಂತ ನಿಧಾನ. ಅವನ ಕತ್ತಿನ ನರ ಉಬ್ಬಿತ್ತು. ನೋಡಲಾರದೆ ನಾನು ಪಕ್ಕಕ್ಕೆ ಹೋಗಿ ಅವನ ಸೀಟಿನ ಬೆನ್ನಿಗೆ ಕೈ ಕೊಟ್ಟು ತಳ್ಳಿದೆ.

ಗಾಡಿ ಸರ್ರನೆ ಎಡಕ್ಕೆ ಹೊರಳಿತು. ಅವನು ಹೇಗೋ ಸರಿಪಡಿಸಿಕೊಂಡ. ನಾನು ಬೀಳದೆ ಉಳಿದದ್ದು ನನ್ನ ಪುಣ್ಯ. ಅವನು ತಿರುಗಿ ನೋಡದೆಯೇ ಹೇಳಿದ: "ಕೈ ಹಾಕುವ ಮೊದಲು ಕೇಳಬೇಕು, ಸಾರ್."

ನನಗೆ ಮೊದಲು ಬೇಸರವಾಯಿತು. ಒಳ್ಳೆಯದು ಮಾಡಲು ಹೋದವನಿಗೆ ಹೀಗೆ ಹೇಳಬಹುದೆ ಎಂದು ಒಂದು ಫರ್ಲಾಂಗು ದೂರ ಮನಸ್ಸು ಮುದುಡಿಕೊಂಡೇ ಇತ್ತು. ಆಮೇಲೆ ಗಾಡಿಯ ಮುಂದಿನ ಚಕ್ರ ಕಣ್ಣಿಗೆ ಬಿತ್ತು. ಓಡಿಸುವುದೂ ತಿರುಗಿಸುವುದೂ ಅದೇ ಹಿಡಿ ಎಂದೆನಲ್ಲ. ಹೇಳದೆ ತಳ್ಳಿದರೆ, ತಿರುವುತ್ತಿರುವ ಕೈಯ ಲಯ ತಪ್ಪಿ ಚಕ್ರ ಓರೆಯಾಗುತ್ತದೆ. ಹಿಂದೆ ಕಾರು ಬರುತ್ತಿದ್ದರೆ ಏನಾಗುತ್ತಿತ್ತು? ಅವನು ಹೇಳಿದ್ದು ಬರಿಯ ಅಭಿಮಾನದ ಮಾತಲ್ಲ. ಅಭಿಮಾನದ ಮಾತೂ ಹೌದು ಎನ್ನಿ. ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಿದ್ದವನನ್ನು ಯಾರು ಬೇಕಾದರೂ ಬಂದು ಎತ್ತಿದ್ದಾರೆ, ಹೊರಳಿಸಿದ್ದಾರೆ, ಒರೆಸಿದ್ದಾರೆ. ಅವನು ಇಲ್ಲಿಗೆ ಬಂದಿರುವುದು ಅದರಿಂದ ಹೊರಗೆ ಬರಲು. ನಾನು ಹಿಂದಿನಿಂದ ಬಂದು ಮತ್ತೆ ಎತ್ತಲು ಹೋದೆ.

ಮುಂದಿನ ಏರು ಇನ್ನೂ ಕಡಿದಾಗಿತ್ತು. ನಾನು ಈ ಸಲ ಹಿಂದೆಯೇ ಉಳಿದೆ. ಅರ್ಧ ಏರಿದ ಮೇಲೆ ಅವನು ತಲೆ ಎತ್ತಿ, "ಈಗ ಬೇಕು, ನಿಧಾನವಾಗಿ ತಳ್ಳಿ" ಎಂದ. ಒಂದು ಕೈ ಹ್ಯಾಂಡಲಿನ ಮೇಲೆ, ಒಂದು ಕೈ ಅವನ ಸೀಟಿನ ಮೇಲೆ. ನನ್ನ ಉಸಿರು ಮುಗಿದಾಗ ಹಿಂದಿನಿಂದ ಒಬ್ಬ ಹುಡುಗ ಬಂದು, ಅವನನ್ನು ಕೇಳಿ, ನನ್ನ ಜಾಗ ಹಿಡಿದ. ನೆತ್ತಿ ಮುಟ್ಟಿ ಇಳಿಜಾರು ಶುರುವಾದದ್ದೇ ತಡ, ಅವನು ಬಾಣದಂತೆ ಹೋದ. ತಗ್ಗಾಗಿ ಒರಗಿ ಕುಳಿತವನಿಗೆ ಗಾಳಿಯ ತಡೆ ಕಡಿಮೆ. ಇಳಿಜಾರಿನಲ್ಲಿ ಕೈಸೈಕಲ್ಲನ್ನು ಹಿಡಿಯುವುದು ಸುಲಭವಲ್ಲ. ಬಾವುಟವೊಂದು ಮಾತ್ರ ತಿರುವಿನಲ್ಲಿ ಕಂಡು ಮಾಯವಾಯಿತು.

ಕೆಳಗೆ ಹೋಗಿ ನೋಡಿದರೆ ರಸ್ತೆಯ ಬದಿಯಲ್ಲಿ ಕಾಯುತ್ತಿದ್ದಾನೆ. ನಾನು ಗೇರು ಬದಲಿಸಲು ಹೋದೆ, ಚೈನು ಕಳಚಿ ಬಿತ್ತು. ಇಳಿದು ತಡಕಾಡುತ್ತ ನಿಂತೆ. ಅವನು ಗಾಡಿಯನ್ನು ನನ್ನ ಪಕ್ಕಕ್ಕೆ ತಂದು, "ನಾನು ಹಾಕಲೆ?" ಎಂದು ಕೇಳಿದ. ಕೇಳಿಯೇ ಕೇಳಿದ! ಅವನು ಕುಳಿತ ಎತ್ತರಕ್ಕೂ ನನ್ನ ಚೈನಿನ ಎತ್ತರಕ್ಕೂ ಸರಿಹೋಗಿತ್ತು. ಎರಡು ಬೆರಳಿನಲ್ಲಿ ಹಲ್ಲಿಗೆ ಕೂರಿಸಿ, ಪೆಡಲು ತಿರುವಿ, ಕೈಯ ಎಣ್ಣೆಯನ್ನು ರಸ್ತೆ ಬದಿಯ ಹುಲ್ಲಿಗೆ ಒರೆಸಿಕೊಂಡ.

ಉಳಿದ ದಾರಿ ಜೊತೆಯಾಗಿಯೇ ಹೋದೆವು. ಎಲ್ಲಿ, ಹೇಗೆ ಗಾಯವಾಯಿತು ಎಂದು ನಾನು ಕೇಳಲಿಲ್ಲ. ನೀವೂ ಕೇಳಬೇಡಿ ಎಂದು ಹೇಳುತ್ತೇನೆ. ಹೇಳಬೇಕೆನ್ನಿಸಿದರೆ ಅವರೇ ಹೇಳುತ್ತಾರೆ. "ಪಾಪ" ಎಂಬ ಮಾತು ನಮ್ಮ ಬಾಯಿಗೆ ತುಂಬ ಬೇಗ ಬರುತ್ತದೆ, ಅದನ್ನೂ ತಡೆದುಕೊಳ್ಳಿ. ಅವನು ತನ್ನ ಟೊಮೇಟೊ ಗಿಡಗಳಿಗೆ ಬಿದ್ದ ಹುಳುವಿನ ವಿಷಯ ಹೇಳಿದ. ಮೈಸೂರಿನಲ್ಲಿ ಬೇಸಿಗೆ ಹೇಗೆ ಎಂದು ವಿಚಾರಿಸಿದ. ಇಪ್ಪತ್ತನೆಯ ಮೈಲಿಯ ಹತ್ತಿರ ತಾನಾಗಿಯೇ ಒಂದು ಮಾತು ಹೇಳಿದ: ಗಾಯವಾದ ಮೇಲೆ ಎರಡು ವರ್ಷ ಮನೆಯ ಹೊಸಿಲು ದಾಟಿರಲಿಲ್ಲವಂತೆ. ಮೊದಲ ಸಲ ಈ ಗಾಡಿ ಏರಿದ ದಿನ ಒಂದು ಮೈಲಿಗೇ ತೋಳು ಬಿದ್ದುಹೋಯಿತಂತೆ. ಕಣ್ಣಿಗೆ ಕಾಣದ ಗಾಯದವರೂ ಆ ಗುಂಪಿನಲ್ಲಿದ್ದರು. ರಾತ್ರಿ ನಿದ್ದೆ ಬಾರದವರು, ಸಣ್ಣ ಸದ್ದಿಗೂ ಬೆಚ್ಚುವವರು. ಅವರ ಸೈಕಲ್ಲು ನಮ್ಮ ಸೈಕಲ್ಲಿನಂತೆಯೇ ಇರ�ುತ್ತದೆ, ಗುರುತು ಹಿಡಿಯಲಾಗದು. ಸುಮ್ಮನೆ ಹಿಂದೆ ಬಂದು ಗಂಟೆ ಬಾರಿಸಿ ತಮಾಷೆ ಮಾಡಬಾರದೆಂದು ಹೊರಡುವಾಗಲೇ ಎಲ್ಲರಿಗೂ ಹೇಳಿದ್ದರು.

ಹಣದ ವಿಷಯವನ್ನು ಮರೆಯುವಂತಿಲ್ಲ. ಮಕ್ಕಳು ಕೇಳಿದಾಗ ಕೊಡಿ, ಆದರೆ ಎಲ್ಲಿಗೆ ಹೋಗುತ್ತದೆಂದು ಕೇಳಿಯೇ ಕೊಡಿ. ಇಂಗ್ಲೆಂಡಿನ 'ಹೆಲ್ಪ್ ಫಾರ್ ಹೀರೋಸ್' ಸಂಸ್ಥೆಯನ್ನು ೨೦೦೭ರ ಅಕ್ಟೋಬರಿನಲ್ಲಿ ಬ್ರಿನ್ ಪ್ಯಾರಿ, ಎಮ್ಮಾ ಪ್ಯಾರಿ ದಂಪತಿಗಳು ಆರಂಭಿಸಿದರು. ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ಗಾಯಗೊಂಡ ಹುಡುಗರನ್ನು ಕಂಡು ಬಂದ ಮೇಲೆ ಹೊಳೆದ ಯೋಚನೆ. ಅವರ ಮುಂದಿದ್ದ ಮೊದಲ ಗುರಿ ಸ್ಪಷ್ಟವಾಗಿತ್ತು: ಸರ್ರೆಯ ಹೆಡ್ಲಿ ಕೋರ್ಟಿನಲ್ಲಿದ್ದ ಸೈನಿಕರ ಪುನಶ್ಚೇತನ ಕೇಂದ್ರಕ್ಕೆ ಒಂದು ಈಜುಕೊಳ. ಅಲ್ಲಿ ಸರಿಯಾದ ಕೊಳವಿಲ್ಲದೆ ಗಾಯಾಳುಗಳು ಹತ್ತಿರದ ಊರಿನ ಸಾರ್ವಜನಿಕ ಕೊಳಕ್ಕೆ ಹೋಗುತ್ತಿದ್ದರು. ಅವರನ್ನು ಕಂಡು ಆಕ್ಷೇಪಿಸಿದವರೂ ಇದ್ದರೆಂದು ಆ ವರ್ಷದ ಪತ್ರಿಕೆಗಳಲ್ಲಿ ಬಂದಿತ್ತು. ೨೦೦೮ರಲ್ಲಿ ಉತ್ತರ ಫ್ರಾನ್ಸಿನ ಹಳೆಯ ಯುದ್ಧಭೂಮಿಗಳ ನಡುವೆ ಅವರ ಮೊದಲ ದೊಡ್ಡ ಸೈಕಲ್ ಸವಾರಿ ನಡೆಯಿತು. ೨೦೧೦ರಲ್ಲಿ ಕೊಳ ತೆರೆಯಿತು. ೨೦೧೮ರಲ್ಲಿ ಆ ಕೇಂದ್ರವೇ ನಾಟಿಂಗ್‌ಹ್ಯಾಮ್ ಸೀಮೆಯ ಸ್ಟ್ಯಾನ್‌ಫರ್ಡ್ ಹಾಲಿಗೆ ವರ್ಗವಾಯಿತೆನ್ನುವುದು ಬೇರೆ ಮಾತು. ಅಷ್ಟು ವರ್ಷ ಆ ನೀರಿನಲ್ಲಿ ಎಷ್ಟೋ ಜನ ಚೇತರಿಸಿಕೊಂಡರು.

ಅಮೆರಿಕದ ಕಥೆಯಲ್ಲಿ ಒಂದು ಕಹಿಯೂ ಉಂಟು. ವೂಂಡೆಡ್ ವಾರಿಯರ್ ಪ್ರಾಜೆಕ್ಟ್ ಬಹಳ ದೊಡ್ಡದಾಗಿ ಬೆಳೆಯಿತು. ಸಮ್ಮೇಳನಗಳಿಗೂ ಪ್ರಯಾಣಗಳಿಗೂ ಅದು ಮಾಡುತ್ತಿದ್ದ ಖರ್ಚಿನ ಬಗೆಗೆ ೨೦೧೬ರ ಜನವರಿಯಲ್ಲಿ ಪತ್ರಿಕೆಗಳಲ್ಲೂ ಟೆಲಿವಿಷನ್ನಿನಲ್ಲೂ ವರದಿಗಳು ಬಂದವು. ಮಾರ್ಚಿಯಲ್ಲಿ ಆಡಳಿತ ಮಂಡಲಿ ಇಬ್ಬರು ಅತ್ಯುನ್ನತ ಅಧಿಕಾರಿಗಳನ್ನು ತೆಗೆದುಹಾಕಿತು. ಸಂಸ್ಥೆ ಹೊಸಬರ ಕೈಯಲ್ಲಿ ಮುಂದುವರಿಯಿತು. ತುಳಿದವರ ಬೆವರಿನಲ್ಲಿ ಮೋಸವಿರಲಿಲ್ಲ. ಆದರೆ ಬೆವರಿನ ಹಣಕ್ಕೂ ಲೆಕ್ಕ ಕೇಳುವವರು ಬೇಕು. ಲೆಕ್ಕ ಕೇಳಿದರೆ ಕೊಡುವವನ ಮನಸ್ಸು ಸಣ್ಣದೆಂದು ಯಾರೂ ಭಾವಿಸಬಾರದು.

ನಮ್ಮಲ್ಲಿ ಏನಿದೆ ಎಂದು ನೀವು ಕೇಳುವುದು ನ್ಯಾಯವೇ. ೧೯೪೯ರಿಂದ ಡಿಸೆಂಬರ್ ೭ರಂದು ಸಶಸ್ತ್ರ ಪಡೆಗಳ ಧ್ವಜ ದಿನ ನಡೆದುಬಂದಿದೆ. ಶಾಲೆಯ ಮಕ್ಕಳು ಅಂಗಿಗೆ ಚುಚ್ಚುವ ಪುಟ್ಟ ಧ್ವಜಕ್ಕೆ ನೀವು ಹಾಕುವ ಕಾಸು ಮಾಜಿ ಸೈನಿಕರ, ಅವರ ಮನೆಯವರ ನೆರವಿಗೆ ಹೋಗುತ್ತದೆ. ಪುಣೆಯ ಖಡ್ಕಿಯಲ್ಲಿ ಅಂಗಹೀನರಾದ ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇದೆ. ಅದು ೧೯೧೭ರಲ್ಲಿ ಹುಟ್ಟಿದ್ದು. ಬೆನ್ನುಹುರಿಯ ಪೆಟ್ಟಿನವರ ಪುನರ್ವಸತಿ ಕೇಂದ್ರವೂ ಅದೇ ಖಡ್ಕಿಯಲ್ಲಿ ೧೯೭೪ರಿಂದ ಇದೆ. ಸೈಕಲ್ ಸವಾರಿಯೂ ಇಲ್ಲವೆಂದಲ್ಲ. ಹೈದರಾಬಾದಿನ ಆದಿತ್ಯ ಮೆಹ್ತಾ ಫೌಂಡೇಶನ್ನಿನವರು ೨೦೨೦ರ ಕೊನೆಯಲ್ಲಿ, ಗಡಿ ಭದ್ರತಾ ಪಡೆಯ ಜೊತೆ ಸೇರಿ, ಅಂಗವಿಕಲ ಸವಾರರನ್ನು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಕರೆದೊಯ್ದರು. ಇಂಥದ್ದು ನಿಮ್ಮ ಊರಿನ ಮೇಲೆ ಹಾದುಹೋದಾಗ ಹೂಮಾಲೆ ಹಾಕುವವರು ಬೇಕಾದಷ್ಟು ಜನ ಸಿಗುತ್ತಾರೆ. ಸೈಕಲ್ ತೆಗೆದುಕೊಂಡು ಮುಂದಿನ ಊರಿನವರೆಗೆ ಜೊತೆಗೆ ಹೋಗುವವರು ಕಡಿಮೆ. ಹೋಗಿ. ಹತ್ತು ಕಿಲೋಮೀಟರಾದರೂ ಸರಿ.

ನಮ್ಮ ಸವಾರಿ ಮುಗಿದಾಗ ಮಧ್ಯಾಹ್ನ ಒಂದು ಗಂಟೆ. ಮೊದಲು ಬಂದವರು ಮನೆಗೆ ಹೋಗಿರಲಿಲ್ಲ. ಕೊನೆಯ ಸವಾರ, ಕೃತಕ ಕಾಲಿನ ಒಬ್ಬಾಕೆ, ಬರುವವರೆಗೂ ಎಲ್ಲರೂ ಬಿಸಿಲಿನಲ್ಲಿ ನಿಂತೇ ಇದ್ದರು. ಬಾಳೆಯ ಹಣ್ಣು, ನೀರು ಹಂಚುತ್ತಿದ್ದ ಮೇಜಿನ ಪಕ್ಕದಲ್ಲಿ ನನ್ನ ಹೆಂಡತಿ ಮನೆಯಿಂದ ತಂದ ಕೋಡುಬಳೆಯ ಡಬ್ಬಿ ತೆರೆದಿಟ್ಟುಕೊಂಡು ಕುಳಿತಿದ್ದಳು. ಕೈಸೈಕಲ್ಲಿನವನು ನಾಲ್ಕು ಕೋಡುಬಳೆ ತಿಂದು, ಇದನ್ನು ಹೇಗೆ ಮಾಡುತ್ತೀರಿ ಎಂದು ಕೇಳಿದ. ಅಕ್ಕಿಹಿಟ್ಟಿನಿಂದ ಹಿಡಿದು ಅವಳು ತನ್ನ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದಳು.

ಸಂಜೆ ಮನೆಗೆ ಬಂದು ನಾನು ಕಾಲು ಚಾಚಿ ಮಲಗಿದ್ದೆ. ಅವಳು ಬಂದು, "ಏನೂಂದ್ರೆ, ಅವರನ್ನು ಬರುವ ಭಾನುವಾರ ಊಟಕ್ಕೆ ಕರೆದುಬಿಟ್ಟೆ. ಆಮೇಲೆ ನೆನಪಾಯಿತು, ಇವರ ಮನೆಯ ಬಾಗಿಲಿಗೆ ಮೂರು ಮೆಟ್ಟಿಲಿವೆ" ಎಂದಳು.

ಎತ್ತಿಕೊಂಡು ಬಂದರಾಯಿತು ಎಂದು ಹೇಳಲು ಬಾಯಿ ತೆರೆದವನು ಮುಚ್ಚಿದೆ. ಮಾರನೆಯ ದಿನ ನಾನೂ ಅಳಿಯನೂ ಮರದ ಅಂಗಡಿಗೆ ಹೋಗಿ, ಮೆಟ್ಟಿಲಿನ ಎತ್ತರದ ಅಳತೆ ಕೊಟ್ಟು, ಇಳಿಜಾರು ಸಾಕಷ್ಟು ನೀಳವಾಗಿರಲೆಂದು ಉದ್ದನೆಯ ಹಲಗೆಗಳನ್ನೇ ಆರಿಸಿ ತಂದೆವು.